ಮೈಯೊಳಗಿನ ಲೋಹಕ್ಕೆ ಲೆಕ್ಕ ಇಡುವವರು ಯಾರು?

ಮನುಷ್ಯನ ದೇಹದೊಳಗೆ ಲೋಹದ ತುಂಡೊಂದನ್ನು ಇಟ್ಟು, ಗಾಯ ಹೊಲಿದು, ಹಣ ಎಣಿಸಿಕೊಂಡು ಮನೆಗೆ ಕಳುಹಿಸುವ ಆಸ್ಪತ್ರೆಯು, ಆ ಲೋಹ ಯಾವುದು, ತಯಾರಿಸಿದವರು ಯಾರು, ಅದರ ಸಂಖ್ಯೆ ಏನು ಎಂಬುದನ್ನು ಬರೆದ ಒಂದು ಚೀಟಿಯನ್ನು ರೋಗಿಯ ಕೈಗೆ ಕೊಡದಿದ್ದರೆ ಅದಕ್ಕೆ ಏನೆನ್ನಬೇಕು? ಕೆಲಸದ ಒತ್ತಡ ಎನ್ನುವವರಿದ್ದಾರೆ. ನಮ್ಮ ಕಡೆ ಇದೇ ವಾಡಿಕೆ ಎನ್ನುವವರೂ ಇದ್ದಾರೆ. ಇದು ಶುದ್ಧ ಪ್ರಮಾದ, ಪ್ರಮಾದವೇ ಹಿಂಸೆಯ ಬೇರು ಎಂಬುದು ನನ್ನ ವಾದ. ಆ ಚೀಟಿಯನ್ನು ಕೇಳದೆ ಬರುವ, ಬಂದರೂ ಕಳೆದುಕೊಳ್ಳುವ ಕುಟುಂಬಗಳೂ ಈ ಪ್ರಮಾದದಲ್ಲಿ ಪಾಲುದಾರರೇ ಎಂಬುದನ್ನು ಮಾನ್ಯ ಓದುಗರು ಸಮಾಧಾನದಿಂದ ಕೇಳಿಕೊಳ್ಳಬೇಕೆಂದು ಬಿನ್ನಹ.

ವಿಷಯ ಎಂ.ಆರ್.ಐ. ಪರೀಕ್ಷೆಗೆ ಸಂಬಂಧಿಸಿದ್ದು. ಮೂಳೆಗೆ ಹಾಕುವ ರಾಡು, ಪ್ಲೇಟು, ಸ್ಕ್ರೂ, ಹೃದಯದ ರಕ್ತನಾಳದೊಳಗಿನ ಸ್ಟೆಂಟ್, ಎದೆಯ ಚರ್ಮದಡಿಯ ಪೇಸ್‌ಮೇಕರ್, ಬದಲಿಸಿದ ಮಂಡಿ, ಕಿವುಡು ಮಗುವಿನ ಕಿವಿಯೊಳಗಿನ ಕಾಕ್ಲಿಯರ್ ಯಂತ್ರ ಇವೆಲ್ಲವನ್ನೂ ವೈದ್ಯರು ಇಂಪ್ಲಾಂಟ್ ಎಂಬ ಒಂದೇ ಮಾತಿನಿಂದ ಕರೆಯುತ್ತಾರೆ. ಈ ಬರಹದ ಮಟ್ಟಿಗೆ ನಾನು ಅವನ್ನು ಲೋಹಸಾಧನ ಎಂದು ಕರೆಯುತ್ತೇನೆ.

ಇಪ್ಪತ್ತೈದು ವರ್ಷಗಳ ಹಿಂದೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂಥ ಸಾಧನವುಳ್ಳವರನ್ನು ಬೆರಳೆಣಿಕೆಯಲ್ಲಿ ಹೇಳಬಹುದಿತ್ತು. ಈಗ ನರೋಣಾದಂಥ ಊರಿನಲ್ಲಿಯೂ ಓಣಿಗೊಬ್ಬರು ಸ್ಟೆಂಟ್ ಹಾಕಿಸಿಕೊಂಡವರು, ಮೋಟಾರ್ ಸೈಕಲ್ಲಿನಿಂದ ಬಿದ್ದು ತೊಡೆಗೆ ರಾಡು ಹಾಕಿಸಿಕೊಂಡ ತರುಣರು, ಮಂಡಿ ಬದಲಿಸಿಕೊಂಡ ತಾಯಂದಿರು ಸಿಗುತ್ತಾರೆ. ಕಡುಬಡವರಿಗೂ ದೊಡ್ಡ ಶಸ್ತ್ರಚಿಕಿತ್ಸೆ ಉಚಿತವಾಗಿ ದೊರೆಯಲೆಂದು ಸರಕಾರ ತಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಆರಂಭವಾದದ್ದು ನಮ್ಮ ಗುಲಬರ್ಗಾ ವಿಭಾಗದಲ್ಲಿಯೇ. 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಬಂದಿತು. ಜಯದೇವ ಹೃದ್ರೋಗ ಸಂಸ್ಥೆ ಕಲಬುರಗಿಗೇ ಬಂದಿದೆ. ಅದರ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡಿತು. ಇದಲ್ಲದೆ ನಮ್ಮ ಜನ ಸೊಲ್ಲಾಪುರಕ್ಕೂ ಹೈದರಾಬಾದಿಗೂ ಮಿರಜಿಗೂ ಹೋಗುತ್ತಾರೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಸೊಲ್ಲಾಪುರದಲ್ಲಿ ಹಾಕಿಸಿಕೊಂಡ ಸಾಧನದ ವಿವರ ಹತ್ತು ವರ್ಷಗಳ ಮೇಲೆ ಕಲಬುರಗಿಯ ಸ್ಕ್ಯಾನಿಂಗ್ ಕೇಂದ್ರಕ್ಕೆ ಬೇಕಾದಾಗ ಅದು ಯಾರ ಬಳಿ ಇರುತ್ತದೆ? ಪ್ರಶ್ನೆ ಇಷ್ಟೇ. ಇದರ ಗುರುತ್ವವನ್ನು ಅರಿಯಲು ಆ ಯಂತ್ರದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು.

ಎಂ.ಆರ್.ಐ. ಯಂತ್ರವೆಂದರೆ ಒಳಗೆ ಮನುಷ್ಯ ಮಲಗುವಷ್ಟು ದೊಡ್ಡದಾದ ಅಯಸ್ಕಾಂತ. ಕಾಂತಶಕ್ತಿಯನ್ನು ಟೆಸ್ಲಾ ಎಂಬ ಮಾನದಿಂದ ಅಳೆಯುತ್ತಾರೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು 1.5 ಟೆಸ್ಲಾ ಅಥವಾ 3 ಟೆಸ್ಲಾದ ಯಂತ್ರ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಶಕ್ತಿಗೆ ಹೋಲಿಸಿದರೆ 1.5 ಟೆಸ್ಲಾ ಎಂಬುದು ಸುಮಾರು ಮೂವತ್ತು ಸಾವಿರ ಪಟ್ಟು ಹೆಚ್ಚು. ಈ ಅಯಸ್ಕಾಂತದ ತಂತಿಸುರುಳಿಯನ್ನು ದ್ರವರೂಪದ ಹೀಲಿಯಂನಲ್ಲಿ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪಾಗಿ ಇಟ್ಟಿರುತ್ತಾರೆ. ಹಾಗಿರುವಾಗ ಅದರಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುತ್ತಲೇ ಇರುತ್ತದೆ. ಆದುದರಿಂದ ಪರೀಕ್ಷೆ ನಡೆಯದಾಗಲೂ, ರಾತ್ರಿ ಕೋಣೆಗೆ ಬೀಗ ಹಾಕಿದಾಗಲೂ, ಊರಿನ ಕರೆಂಟು ಹೋದಾಗಲೂ ಅಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ. ಈಗ ಯಂತ್ರ ಬಂದಾಗಿದೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ನಂಬಬಾರದು.

ಲೋಹಕ್ಕೆ ಇದರಿಂದ ಬರುವ ತೊಂದರೆ ಮೂರು ಬಗೆಯದು. ಮೊದಲನೆಯದು ಸೆಳೆತ. ಕಬ್ಬಿಣದ ಗುಣವುಳ್ಳ ವಸ್ತುವನ್ನು ಅಯಸ್ಕಾಂತ ಎಳೆಯುತ್ತದೆ, ಇಲ್ಲವೆ ಇದ್ದಲ್ಲಿಯೇ ತಿರುಚುತ್ತದೆ. ಎರಡನೆಯದು ಕಾವು. ಚಿತ್ರ ತೆಗೆಯಲು ಯಂತ್ರವು ರೇಡಿಯೊ ಅಲೆಗಳನ್ನು ದೇಹದೊಳಗೆ ಬಿಡುತ್ತದೆ. ಉದ್ದನೆಯ ತಂತಿಯೊಂದು ಒಳಗಿದ್ದರೆ ಅದು ಮನೆಯ ಮೇಲಿನ ಏರಿಯಲ್ಲಿನಂತೆ ಆ ಅಲೆಗಳನ್ನು ಹಿಡಿದು ತುದಿಯಲ್ಲಿ ಕಾಯುತ್ತದೆ. ಇಲ್ಲಿ ಕಬ್ಬಿಣವೇ ಆಗಬೇಕೆಂದಿಲ್ಲ; ವಿದ್ಯುತ್ತು ಹರಿಯುವ ಯಾವ ಲೋಹವಾದರೂ ಸಾಕು. ಮೂರನೆಯದು ಸಾಧನದ ಕೆಲಸ ಕೆಡುವುದು. ಪೇಸ್‌ಮೇಕರ್ ಕಾಂತಕ್ಕೆ ಸಿಕ್ಕಿ ತನ್ನ ಲಯ ಬದಲಿಸಬಹುದು. ಕಾಕ್ಲಿಯರ್ ಸಾಧನದಲ್ಲಿ ಅಡಗಿರುವ ಪುಟ್ಟ ಅಯಸ್ಕಾಂತ ತನ್ನ ಜಾಗ ಬಿಟ್ಟು ಜರುಗಬಹುದು.

ದೇಹದ ಹೊರಗಿನ ಲೋಹದ ವಿಷಯವನ್ನು ಮೊದಲು ನೋಡೋಣ. 2014ರ ನವೆಂಬರಿನಲ್ಲಿ ನವಿ ಮುಂಬಯಿಯ ಖಾರ್ಘರದಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಸ್ಥೆಯಲ್ಲಿ ಆಮ್ಲಜನಕದ ಸಿಲಿಂಡರ್ ಯಂತ್ರದತ್ತ ಹಾರಿ, ಸಿಬ್ಬಂದಿಯ ಇಬ್ಬರು ಸಿಲಿಂಡರಿಗೂ ಯಂತ್ರಕ್ಕೂ ನಡುವೆ ಗಂಟೆಗಟ್ಟಲೆ ಸಿಲುಕಿದರು. 2018ರ ಜನವರಿಯಲ್ಲಿ ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ ರೋಗಿಯ ಜೊತೆಗೆ ಬಂದಿದ್ದ 32 ವರ್ಷದ ಬಂಧುವೊಬ್ಬರು ಸಿಲಿಂಡರ್ ಹಿಡಿದು ಕೋಣೆಯೊಳಗೆ ಕಾಲಿಟ್ಟು ಪ್ರಾಣ ಕಳೆದುಕೊಂಡರು. ಯಂತ್ರ ಬಂದಾಗಿದೆ ಎಂದು ಸಿಬ್ಬಂದಿ ತಮಗೆ ಹೇಳಿದ್ದರೆಂಬುದು ಕುಟುಂಬದವರ ಮಾತಾಗಿತ್ತು. 2025ರ ಜುಲೈನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಬರಿ ಎಂಬಲ್ಲಿ, ಹೆಂಡತಿಯನ್ನು ಮೇಜಿನಿಂದ ಎಬ್ಬಿಸಲು ಒಳಗೆ ಹೋದ 61 ವರ್ಷದ ಗೃಹಸ್ಥರು ಕೊರಳಿನಲ್ಲಿದ್ದ ವ್ಯಾಯಾಮದ ಭಾರಿ ಸರಪಳಿಯಿಂದಾಗಿ ಯಂತ್ರಕ್ಕೆ ಸೆಳೆಯಲ್ಪಟ್ಟು ಮರುದಿನ ತೀರಿಕೊಂಡರು. ಆ ಸರಪಳಿಯ ತೂಕ ಸುಮಾರು ಒಂಬತ್ತು ಕಿಲೋ. ಈ ಮೂರರಲ್ಲಿಯೂ ಲೋಹ ಸೆಳೆಯಲ್ಪಟ್ಟದ್ದು ಯಂತ್ರ ಕೆಟ್ಟದ್ದರಿಂದಲ್ಲ. ಕೆಟ್ಟದ್ದು ಬಾಗಿಲಿನ ಕಾವಲು.

ಹೊರಗಿನ ಲೋಹ ಕಣ್ಣಿಗೆ ಕಾಣುತ್ತದೆ, ಕಾವಲುಗಾರ ಎಚ್ಚರವಿದ್ದರೆ ತಡೆಯಬಹುದು. ಒಳಗಿನದು ಕಾಣುವುದಿಲ್ಲ. 1986ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪ್ರಕರಣದಲ್ಲಿ, ಲೋಹದ ತಗಡಿನ ಕೆಲಸ ಮಾಡುತ್ತಿದ್ದವನೊಬ್ಬನ ಕಣ್ಣಿನೊಳಗೆ ಹಿಂದೆಂದೋ ಹೊಕ್ಕು ಕುಳಿತಿದ್ದ ಉಕ್ಕಿನ ಚೂರು ಪರೀಕ್ಷೆಯ ವೇಳೆ ಜರುಗಿ ಕಣ್ಣೊಳಗೆ ರಕ್ತಸ್ರಾವವಾಯಿತು. ನಮ್ಮ ಸೀಮೆಯಲ್ಲಿ ಶಹಾಬಾದಿ ಕಲ್ಲನ್ನು ಉಳಿ ಸುತ್ತಿಗೆಯಿಂದ ಒಡೆಯುವವರು, ವೆಲ್ಡಿಂಗ್ ಮಾಡುವವರು, ಕಮ್ಮಾರರು ಎಷ್ಟು ಜನ! ಇಂಥವರು ಪರೀಕ್ಷೆಗೆ ಬಂದಾಗ ಕಣ್ಣಿಗೆ ಎಂದಾದರೂ ಕಿಡಿ ಸಿಡಿದಿತ್ತೇ ಎಂದು ಕೇಳಿ, ಸಂಶಯವಿದ್ದರೆ ಮೊದಲು ಎಕ್ಸರೇ ತೆಗೆದು ನೋಡಬೇಕು.

ಇದಕ್ಕಿಂತ ಮುಖ್ಯವಾದದ್ದು 1992ರಲ್ಲಿ ಅಮೆರಿಕದಲ್ಲಿ ಸಂಭವಿಸಿದ ಸಾವು. ಮಿದುಳಿನ ರಕ್ತನಾಳದಲ್ಲಿ ಅನ್ಯೂರಿಸಂ ಎಂಬ ಉಬ್ಬು ಬಂದರೆ ಅದು ಒಡೆಯದಂತೆ ಬುಡಕ್ಕೆ ಪುಟ್ಟದೊಂದು ಕ್ಲಿಪ್ ಹಾಕುತ್ತಾರೆ. ಅಂಥ ಕ್ಲಿಪ್ ಇದ್ದ ಮಹಿಳೆಯೊಬ್ಬರನ್ನು ಎಂ.ಆರ್.ಐ.ಗೆ ಕಳುಹಿಸುವ ಮುನ್ನ ವೈದ್ಯರು ವಿಚಾರಿಸಿದ್ದರು. ಆ ಕ್ಲಿಪ್ ಕಾಂತಕ್ಕೆ ಸಿಗದ ಜಾತಿಯದು ಎಂಬ ಮಾಹಿತಿ ಅವರಿಗೆ ದೊರೆತಿತ್ತು. ಮಾಹಿತಿ ತಪ್ಪಾಗಿತ್ತು. ಒಳಗಿದ್ದದ್ದು ಬೇರೆ ಹೆಸರಿನ, ಕಾಂತಕ್ಕೆ ಸಿಗುವ ಕ್ಲಿಪ್. ಅದು ಜರುಗಿತು, ರಕ್ತನಾಳ ಹರಿಯಿತು, ರೋಗಿ ಉಳಿಯಲಿಲ್ಲ. ಇಲ್ಲಿ ಶಸ್ತ್ರವೈದ್ಯನ ಕೈ ತಪ್ಪಿರಲಿಲ್ಲ, ಕೇಳುವವರು ಕೇಳದೆಯೂ ಇರಲಿಲ್ಲ. ಒಂದು ಹೆಸರು ಇನ್ನೊಂದು ಹೆಸರಾಗಿ ಹೋಯಿತು, ಅಷ್ಟೇ. ಲೆಕ್ಕದ ಪುಸ್ತಕದಲ್ಲಿ ಒಬ್ಬರ ಖಾತೆಯ ರಕಮು ಮತ್ತೊಬ್ಬರ ಖಾತೆಗೆ ಬಿದ್ದರೆ ವರ್ಷಾಂತ್ಯಕ್ಕೆ ತಾಳೆ ನೋಡಿ ಸರಿಪಡಿಸಬಹುದು. ಈ ಖಾತೆಗೆ ತಾಳೆ ನೋಡುವ ಅವಕಾಶವೇ ಇಲ್ಲ.

ಇಷ್ಟು ಕೇಳಿದ ಕೂಡಲೆ ನಮ್ಮ ಜನ ಇನ್ನೊಂದು ತುದಿಗೆ ಜಿಗಿಯುತ್ತಾರೆ. ಮೈಯಲ್ಲಿ ಲೋಹವಿದ್ದರೆ ಎಂ.ಆರ್.ಐ. ಮಾಡಿಸಲೇಬಾರದು, ಸ್ಟೆಂಟ್ ಕಿತ್ತು ಬರುತ್ತದೆ, ರಾಡು ಹೊರಗೆ ಹಾರುತ್ತದೆ ಎಂಬ ಮಾತು ಸಂತೆಯಲ್ಲಿಯೂ ಮದುವೆ ಮನೆಯಲ್ಲಿಯೂ ಕೇಳಿಬರುತ್ತದೆ. ಇದೂ ಅಷ್ಟೇ ದೊಡ್ಡ ತಪ್ಪು. ಅಮೆರಿಕದ ಹೃದ್ರೋಗ ಸಂಘವು 2007ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ, ಹೃದಯದ ಬಹುತೇಕ ಸ್ಟೆಂಟುಗಳಿದ್ದವರಿಗೆ 3 ಟೆಸ್ಲಾ ವರೆಗಿನ ಯಂತ್ರದಲ್ಲಿ, ಬೇಕಾದರೆ ಸ್ಟೆಂಟ್ ಹಾಕಿದ ದಿನವೇ ಪರೀಕ್ಷೆ ಮಾಡಬಹುದೆಂದು ಸ್ಪಷ್ಟಪಡಿಸಲಾಗಿದೆ. ಮಂಡಿ ಮತ್ತು ಸೊಂಟದ ಕೀಲುಗಳಿಗೆ ಬಳಸುವ ಟೈಟೇನಿಯಂ, ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹಗಳನ್ನು ಅಯಸ್ಕಾಂತ ಬಲವಾಗಿ ಎಳೆಯುವುದಿಲ್ಲ. ಅವುಗಳ ಸುತ್ತಮುತ್ತ ಚಿತ್ರ ಮಸುಕಾಗುತ್ತದೆ ಎಂಬುದೇ ಹೆಚ್ಚಿನ ತೊಂದರೆ. ಕಾಪರ್-ಟಿಯ ತಾಮ್ರವೂ ಕಾಂತಕ್ಕೆ ಎಳೆಯಲ್ಪಡುವ ಲೋಹವಲ್ಲ. ಆದರೂ ಹೇಳಿಕೊಳ್ಳಬೇಕು, ಸಂಕೋಚ ಬೇಡ.

ಪೇಸ್‌ಮೇಕರ್ ಇದ್ದವರಿಗೆ ಒಂದು ಕಾಲದಲ್ಲಿ ಈ ಪರೀಕ್ಷೆ ಪೂರ್ಣ ನಿಷಿದ್ಧವಾಗಿತ್ತು. 2011ರ ಫೆಬ್ರುವರಿಯಲ್ಲಿ, ಗೊತ್ತುಪಡಿಸಿದ ಷರತ್ತುಗಳ ಮೇಲೆ ಎಂ.ಆರ್.ಐ. ಮಾಡಬಹುದಾದ ಪೇಸ್‌ಮೇಕರಿಗೆ ಅಮೆರಿಕ ಮೊದಲ ಬಾರಿಗೆ ಅನುಮತಿ ನೀಡಿತು. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಹಳೆಯ ಬಗೆಯ ಸಾಧನವುಳ್ಳವರ 1500 ಪರೀಕ್ಷೆಗಳನ್ನು ಗಮನಿಸಿತು. ಅವರಲ್ಲಿ 1000 ಪೇಸ್‌ಮೇಕರಿನವು, 500 ಆಘಾತ ನೀಡಿ ಹೃದಯದ ಲಯವನ್ನು ಸರಿಪಡಿಸುವ ಸಾಧನದವು. ಎದೆಯ ಭಾಗವನ್ನು ಬಿಟ್ಟು ಬೇರೆ ಅಂಗಗಳಿಗೆ, 1.5 ಟೆಸ್ಲಾ ಯಂತ್ರದಲ್ಲಿ, ಸಾಧನವನ್ನು ಮೊದಲು ಪರೀಕ್ಷಿಸಿ ಹೊಂದಿಸಿಕೊಂಡು, ನಿಗಾ ಇಟ್ಟು ಮಾಡಿದ ಆ ಪರೀಕ್ಷೆಗಳ ವೇಳೆ ಒಂದೂ ಸಾವು ಸಂಭವಿಸಲಿಲ್ಲ. ಇದರ ಅರ್ಥ ಪೇಸ್‌ಮೇಕರಿದ್ದವರು ಯಾವ ಕೇಂದ್ರಕ್ಕಾದರೂ ನುಗ್ಗಬಹುದು ಎಂದಲ್ಲ. ಯಾವ ಸಾಧನವೆಂದು ತಿಳಿದು, ತಜ್ಞರು ಜೊತೆಗಿದ್ದು ಮಾಡಿದರೆ ದಾರಿ ಇದೆ ಎಂದು.

ಹೀಗಿರುವಾಗ ಅಪಾಯವಿರುವುದು ಎಲ್ಲಿ? ತಿಳಿದ ಲೋಹಕ್ಕೆ ತಕ್ಕ ಎಚ್ಚರವಿದೆ. ತಿಳಿಯದ ಲೋಹಕ್ಕೆ ಎರಡೇ ದಾರಿ. ಒಂದೋ ಕಣ್ಣು ಮುಚ್ಚಿ ಒಳಗೆ ಕಳುಹಿಸುವುದು, ಇಲ್ಲವೋ ಹೆದರಿ ಹಿಂದಕ್ಕೆ ಕಳುಹಿಸುವುದು. ಮೊದಲನೆಯದರಿಂದ ಪ್ರಾಣ ಹೋಗಬಹುದು. ಎರಡನೆಯದರಿಂದಲೂ ಹೋಗಬಹುದು. ಬೆನ್ನುಹುರಿ ಒತ್ತಿಕೊಂಡು ಕಾಲಿನ ಸ್ವಾಧೀನ ತಪ್ಪುತ್ತಿರುವವನಿಗೆ, ಮಿದುಳಿನಲ್ಲಿ ಗಡ್ಡೆಯ ಸಂಶಯವಿರುವವಳಿಗೆ ಪರೀಕ್ಷೆ ಒಂದು ವಾರ ತಡವಾದರೆ ಆಗುವ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ನಮ್ಮ ಬಂಧುಗಳಲ್ಲಿಯೇ ಒಬ್ಬ ವೃದ್ಧರಿಗೆ ಹದಿನಾಲ್ಕು ವರ್ಷಗಳ ಹಿಂದೆ ನೆರೆಯ ನಗರವೊಂದರಲ್ಲಿ ತೊಡೆಯ ಮೂಳೆಗೆ ಪ್ಲೇಟು ಹಾಕಿದ್ದರು. ಬೆನ್ನುನೋವಿಗೆ ಎಂ.ಆರ್.ಐ. ಬರೆದುಕೊಟ್ಟಾಗ ಸ್ಕ್ಯಾನಿಂಗ್ ಕೇಂದ್ರದವರು ಪ್ಲೇಟಿನ ವಿವರ ತರಲು ಹೇಳಿದರು. ಹಳೆಯ ಆಸ್ಪತ್ರೆಗೆ ಹೋದರೆ, ಅಷ್ಟು ಹಳೆಯ ಕಾಗದ ನಮ್ಮಲ್ಲಿಲ್ಲ ಎಂಬ ಒಂದೇ ಉತ್ತರ. ಎರಡು ಊರುಗಳ ನಡುವೆ ನಾಲ್ಕು ಸಲ ಓಡಾಡಿ, ಕೊನೆಗೆ ಎಕ್ಸರೇ ನೋಡಿದ ಹಿರಿಯ ತಜ್ಞರೊಬ್ಬರ ಒಪ್ಪಿಗೆಯ ಮೇಲೆ ಪರೀಕ್ಷೆ ಸುಸೂತ್ರವಾಗಿ ನಡೆಯಿತು. ಒಂದು ಚೀಟಿ ಇದ್ದಿದ್ದರೆ ಇಪ್ಪತ್ತು ದಿನಗಳ ನೋವು ಉಳಿಯುತ್ತಿತ್ತು.

ಇನ್ನು ಆಸ್ಪತ್ರೆಗಳು ಕೊಡುವ ಬಿಡುಗಡೆ ಪತ್ರದ ಭಾಷೆಯನ್ನು ನೋಡಿರಿ. ಎಂ.ಆರ್.ಐ. ಕಂಪ್ಯಾಟಿಬಲ್ ಎಂದು ಎರಡು ಪದ ಬರೆದು ಮುದ್ರೆ ಒತ್ತುತ್ತಾರೆ. ಇದು ಮೊತ್ತ ಬರೆಯದ ಹುಂಡಿಯಂತೆ. ಎಷ್ಟು ಟೆಸ್ಲಾ ಯಂತ್ರಕ್ಕೆ? ಎಷ್ಟು ಹೊತ್ತು? ಯಾವ ಅಂಗದ ಪರೀಕ್ಷೆಗೆ? 2005ರಿಂದಲೇ ಅಂತರರಾಷ್ಟ್ರೀಯ ಮಾನದಂಡವು ಈ ಅಸ್ಪಷ್ಟ ಪದವನ್ನು ಬದಿಗಿಟ್ಟು ಮೂರು ಸ್ಪಷ್ಟ ವರ್ಗಗಳನ್ನು ಮಾಡಿದೆ. ಹಸಿರು ಚೌಕವೆಂದರೆ ಎಲ್ಲ ಎಂ.ಆರ್.ಐ. ಯಂತ್ರಗಳಲ್ಲಿ ನಿರಪಾಯ, ಪ್ಲಾಸ್ಟಿಕ್ಕಿನಂಥ ಲೋಹವಲ್ಲದ ವಸ್ತುಗಳು ಇದರಲ್ಲಿ ಬರುತ್ತವೆ. ಹಳದಿ ತ್ರಿಕೋನವೆಂದರೆ ಷರತ್ತುಬದ್ಧ. ಇಂತಿಷ್ಟು ಟೆಸ್ಲಾ, ಇಂತಿಷ್ಟು ಕಾಲ ಎಂಬ ನಿಯಮಕ್ಕೆ ಒಳಪಟ್ಟು ಮಾತ್ರ ನಿರಪಾಯ. ಅಡ್ಡಗೆರೆಯ ಕೆಂಪು ವೃತ್ತವೆಂದರೆ ನಿಷಿದ್ಧ. ಮೈಯೊಳಗಿನ ಬಹುಪಾಲು ಲೋಹಸಾಧನಗಳು ಬರುವುದು ನಡುವಿನ ಹಳದಿ ವರ್ಗದಲ್ಲಿ. ಷರತ್ತನ್ನು ಬರೆಯದೆ ಷರತ್ತುಬದ್ಧ ವಸ್ತುವನ್ನು ಕೊಡುವುದು ಯಾವ ವ್ಯಾಪಾರ ನೀತಿ? 1.5 ಟೆಸ್ಲಾಕ್ಕೆ ಒಪ್ಪಿದ ಸಾಧನ 3 ಟೆಸ್ಲಾಕ್ಕೆ ಒಪ್ಪಲೇಬೇಕೆಂದಿಲ್ಲ. ಪೇಸ್‌ಮೇಕರಿನಲ್ಲಿಯಂತೂ ಡಬ್ಬಿ ಮತ್ತು ತಂತಿ ಎರಡೂ ಸೇರಿದ ಜೋಡಿಗೆ ಅನುಮತಿ. ವರ್ಷಗಳ ಮೇಲೆ ಬ್ಯಾಟರಿ ಮುಗಿದು ಹೊಸ ಡಬ್ಬಿ ಹಾಕಿ ಹಳೆಯ ತಂತಿಯನ್ನೇ ಉಳಿಸಿಕೊಂಡರೆ, ಹೊಸ ಡಬ್ಬಿಯ ಮೇಲಿನ ಹಳದಿ ತ್ರಿಕೋನದಿಂದ ಏನೂ ಸಿದ್ಧವಾಗುವುದಿಲ್ಲ.

ಈಗ ಕಾನೂನಿನ ಮಾತು. ವ್ಯಾಪಾರ ಮಾಡಿ, ಲೆಕ್ಕಪತ್ರ ಬರೆದು ತಲೆ ನರೆತವನಿಗೆ ಇಲ್ಲಿ ಕಾಣುವ ವಿಪರೀತ ಬೇರೆಯವರಿಗೆ ಅಷ್ಟು ಬೇಗ ಕಾಣಲಿಕ್ಕಿಲ್ಲ. ಕಲಬುರಗಿಯ ದಾಲ್ ಮಿಲ್ಲಿಗೆ ಒಂದು ಚೀಲ ತೊಗರಿ ಮಾರಿದ ಬಿಲ್ಲನ್ನು, ಜಿ.ಎಸ್.ಟಿ. ಕಾಯಿದೆಯ ಪ್ರಕಾರ, ವಾರ್ಷಿಕ ವಿವರಪತ್ರದ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಕಂಪನಿಯಾದರೆ 2013ರ ಕಾಯಿದೆಯಂತೆ ಎಂಟು ಆರ್ಥಿಕ ವರ್ಷಗಳ ಲೆಕ್ಕ ಇಡಬೇಕು. ಒಳರೋಗಿಯ ದಾಖಲೆಯನ್ನು ವೈದ್ಯರು ಎಷ್ಟು ಕಾಲ ಇಡಬೇಕು? ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ! ಮೂಳೆಯೊಳಗಿನ ಉಕ್ಕು ಮೂವತ್ತು ವರ್ಷ ಇರುತ್ತದೆ, ಅದರ ಕಾಗದ ಮೂರು ವರ್ಷಕ್ಕೆ ರದ್ದಿಗೆ ಹೋಗಬಹುದು. ತೊಗರಿಯ ಚೀಲಕ್ಕೆ ಇರುವ ಮರ್ಯಾದೆಯ ಅರ್ಧವೂ ಮನುಷ್ಯನ ತೊಡೆಗೆ ಇಲ್ಲ.

ಅದೇ ನಿಯಮಾವಳಿಯಲ್ಲಿ ನಮಗೆ ಅನುಕೂಲವಾದ ಮಾತೊಂದಿದೆ. ರೋಗಿ ಅಥವಾ ಅವನು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕು. ಇದಲ್ಲದೆ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವು 2017ರ ಫೆಬ್ರುವರಿಯಲ್ಲಿ ಸ್ಟೆಂಟುಗಳಿಗೂ, ಅದೇ ವರ್ಷದ ಆಗಸ್ಟಿನಲ್ಲಿ ಮಂಡಿಯ ಸಾಧನಗಳಿಗೂ ಬೆಲೆಯ ಮಿತಿ ಹಾಕಿದಾಗ, ಆಸ್ಪತ್ರೆಯ ಬಿಲ್ಲಿನಲ್ಲಿ ಸಾಧನದ ಬೆಲೆ, ಬ್ರಾಂಡಿನ ಹೆಸರು, ತಯಾರಕ ಅಥವಾ ಆಮದುದಾರನ ಹೆಸರು, ಬ್ಯಾಚ್ ಸಂಖ್ಯೆಗಳನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂದು ಆದೇಶಿಸಿತು. ಬೆಲೆ ಇಳಿದದ್ದನ್ನು ನಾವೆಲ್ಲ ಕೊಂಡಾಡಿದೆವು. ಬ್ಯಾಚ್ ಸಂಖ್ಯೆ ಬರೆದಿದ್ದಾರೆಯೇ ಎಂದು ಬಿಲ್ಲು ತಿರುವಿ ನೋಡಿದವರು ಎಷ್ಟು ಮಂದಿ?

ಉಚಿತ ಯೋಜನೆಗಳಲ್ಲಿ ಚಿಕಿತ್ಸೆ ಪಡೆದ ಬಡವನ ಗತಿ ಇನ್ನೂ ಕಷ್ಟದ್ದು. ಅವನು ಹಣ ಕೊಡುವುದಿಲ್ಲ, ಆದುದರಿಂದ ಅವನಿಗೆ ಬಿಲ್ಲು ಬರುವುದಿಲ್ಲ. ಸಾಧನದ ಪೊಟ್ಟಣದೊಳಗೆ ಹೆಸರು ಮತ್ತು ಸಂಖ್ಯೆ ಮುದ್ರಿಸಿದ ಅಂಟುಚೀಟಿಗಳು ಇರುತ್ತವೆ. ಒಂದು ಆಸ್ಪತ್ರೆಯ ಕಡತಕ್ಕೆ, ಒಂದು ಹಣ ಕೊಡುವವರ ಕಡತಕ್ಕೆ. ಮೈಯಲ್ಲಿ ಸಾಧನ ಹೊತ್ತವನ ಕೈಗೆ ಒಂದು? ಅವನು ಕೇಳುವುದಿಲ್ಲ, ಇವರು ಕೊಡುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2021ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ನಿಯಮದಂತೆ ಅನೇಕ ಬಗೆಯ ಸಾಧನಗಳಿಗೆ ಇಂಪ್ಲಾಂಟ್ ಕಾರ್ಡನ್ನು ರೋಗಿಗೆ ಕೊಡಲೇಬೇಕು. ನಮ್ಮ ರಾಜ್ಯ ಸರಕಾರವೂ ತನ್ನ ಯೋಜನೆಯ ಹಣ ಬಿಡುಗಡೆ ಮಾಡುವ ಮುನ್ನ, ರೋಗಿಗೆ ಕಾರ್ಡು ಕೊಟ್ಟಿದ್ದಕ್ಕೆ ಅವನ ಸಹಿ ಎಲ್ಲಿ ಎಂದು ಒಂದು ಮಾತು ಕೇಳಿದರೆ ಸಾಕು, ಮರುದಿನದಿಂದಲೇ ಕಾರ್ಡುಗಳು ಬರುತ್ತವೆ. ಹಣಕ್ಕೆ ಕಟ್ಟಿದ ಷರತ್ತನ್ನು ಯಾರೂ ಮರೆಯುವುದಿಲ್ಲವೆಂಬುದು ವ್ಯಾಪಾರದ ಅನುಭವ.

ಇದನ್ನು ಧರ್ಮದ ಪ್ರಶ್ನೆಯೆಂದು ಏಕೆ ಎತ್ತುತ್ತೀರಿ, ಇದು ಆಸ್ಪತ್ರೆಯ ವ್ಯವಸ್ಥೆಯ ವಿಷಯವಲ್ಲವೇ ಎಂದು ಕೆಲವರು ಕೇಳಬಹುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದದ ಯೋಗವನ್ನೇ ಮುಂದಿಟ್ಟಿದ್ದಾರೆ. ಕೊಲ್ಲುವ ಇಚ್ಛೆ ಇಲ್ಲದಿದ್ದರೂ ಅಜಾಗ್ರತೆಯಿಂದ ಪ್ರಾಣಕ್ಕೆ ಎರವಾದರೆ ಹೊಣೆ ತಪ್ಪುವುದಿಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಒಂದಾದ ಆದಾನನಿಕ್ಷೇಪಣ ಸಮಿತಿಯು ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ಎತ್ತು, ನೋಡಿ ಇಡು ಎಂಬ ನಿಯಮ. ನೆಲದ ಮೇಲೆ ಕಮಂಡಲು ಇಡಲು ಇಷ್ಟು ಎಚ್ಚರ ಬೇಕಾದರೆ ಜೀವಂತ ದೇಹದೊಳಗೆ ಲೋಹ ಇಡುವಾಗ ಎಷ್ಟು ಬೇಕು? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರಗಳನ್ನು ಹೇಳಿದೆ. ಸುಳ್ಳು ದಾಖಲೆ ಬರೆಯುವುದು ಒಂದು, ಇಟ್ಟ ಠೇವಣಿಯನ್ನು ದಕ್ಕಿಸಿಕೊಳ್ಳುವುದು ಇನ್ನೊಂದು. ರೋಗಿಯ ದೇಹದ ವಿವರ ಆಸ್ಪತ್ರೆಯಲ್ಲಿ ಇಟ್ಟ ನ್ಯಾಸವೇ ಹೊರತು ಆಸ್ಪತ್ರೆಯ ಆಸ್ತಿಯಲ್ಲ. ಕೇಳಿದಾಗ ಇಲ್ಲವೆನ್ನುವುದು ನ್ಯಾಸಾಪಹಾರದ ನೆರೆಯಲ್ಲಿಯೇ ನಿಲ್ಲುತ್ತದೆ.

ಅದೇ ತಕ್ಕಡಿಯಲ್ಲಿ ಗೃಹಸ್ಥರನ್ನೂ ತೂಗಬೇಕಾಗುತ್ತದೆ. ಸ್ಕ್ಯಾನಿಂಗ್ ಕೇಂದ್ರದಲ್ಲಿ ಪ್ರಶ್ನಾವಳಿಯ ಕಾಗದ ಕೊಟ್ಟಾಗ ಓದದೆ ಎಲ್ಲದಕ್ಕೂ ಇಲ್ಲ ಎಂದು ಗೀಚಿ ಸಹಿ ಹಾಕುವುದು ಕೂಟಲೇಖಕ್ಕೆ ಹತ್ತಿರದ ಕೃತ್ಯ. ಹೃದಯದ ಚಿಕಿತ್ಸೆ ಆದದ್ದನ್ನು ಮಗಳ ಮದುವೆ ಮುಗಿಯುವ ತನಕ ಮುಚ್ಚಿಡುವ ಮನೆತನಗಳಿವೆ. ಅಂಥವರು ಕೇಂದ್ರದವರೆದುರಿಗೂ ಬಾಯಿ ಬಿಡುವುದಿಲ್ಲ. ತಾಯಿತ, ಉಡಿದಾರ, ಕಾಲುಂಗುರ, ತಾಳಿ ತೆಗೆಯಲು ಒಪ್ಪದೆ ಸಿಬ್ಬಂದಿಯೊಡನೆ ಜಗಳ ಕಾಯುವವರಿದ್ದಾರೆ. ಚಿನ್ನ ಬೆಳ್ಳಿಗಳನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಅವು ವಿದ್ಯುತ್ತು ಹರಿಯುವ ಲೋಹಗಳು, ಸುರುಳಿಯಾಗಿ ಮೈಗೆ ತಾಗಿದ್ದರೆ ಕಾದು ಸುಡಬಹುದು. ತಾಯಿತದೊಳಗಿನ ತಗಡು ಯಾವುದೆಂದು ಕಟ್ಟಿದವನಿಗೇ ಗೊತ್ತಿರುವುದಿಲ್ಲ. ಜರತಾರಿ ಸೆರಗು, ಸೇಫ್ಟಿ ಪಿನ್ನು, ಹೇರ್‌ಪಿನ್ನು, ಕಿವಿಯ ಯಂತ್ರ, ಕೆಲವು ಔಷಧಿಯ ಪಟ್ಟಿಗಳ ಹಿಂಬದಿಯ ಅಲ್ಯೂಮಿನಿಯಂ ಪದರ ಇವೆಲ್ಲ ಬಾಗಿಲ ಹೊರಗೇ ಉಳಿಯಬೇಕು. ಅರ್ಧ ಗಂಟೆ ತಾಳಿಯನ್ನು ಕೈಗೆ ಕೊಟ್ಟರೆ ಮುತ್ತೈದೆತನಕ್ಕೆ ಚ್ಯುತಿಯಿಲ್ಲ. ಅದನ್ನು ತೆಗೆಯಬೇಕಾದದ್ದೇ ಅದು ಉಳಿಯಲೆಂದು.

ಆಯುಷ್ಯಕರ್ಮ ಇದ್ದಷ್ಟು ದಿನ ಬದುಕು, ಚೀಟಿಯಿಂದ ಏನಾಗುತ್ತದೆ ಎನ್ನುವ ವೇದಾಂತವೂ ಕೇಳಿಬರುತ್ತದೆ. ಹಾಗೆ ಹೇಳುವ ಮಹನೀಯರು ಅಂಗಡಿಗೆ ಬೀಗ ಹಾಕದೆ ಮಲಗುವುದನ್ನು ನಾನು ಕಂಡಿಲ್ಲ. ಕರ್ಮಸಿದ್ಧಾಂತ ಪುರುಷಾರ್ಥವನ್ನು ಬೇಡವೆಂದಿಲ್ಲ; ಬೇಡವೆಂದಿದ್ದರೆ ಸಮಿತಿ ಗುಪ್ತಿಗಳ ಉಪದೇಶವೇ ವ್ಯರ್ಥವಾಗುತ್ತಿತ್ತು.

ವೈದ್ಯರ ಕಡೆಯಿಂದಲೂ ಆಕ್ಷೇಪಗಳಿವೆ. ಮೂಳೆಯ ಪ್ಲೇಟು ಸ್ಕ್ರೂಗಳು ಅನೇಕ ಕಡೆ ಒಂದೊಂದು ಪೊಟ್ಟಣದಲ್ಲಿ ಬರುವುದಿಲ್ಲ, ತಟ್ಟೆಯಲ್ಲಿ ಜೋಡಿಸಿಟ್ಟದ್ದರಿಂದ ಆರಿಸಿ ಹಾಕುತ್ತೇವೆ, ಅಂಟುಚೀಟಿ ಎಲ್ಲಿಂದ ತರಲಿ ಎನ್ನುತ್ತಾರೆ. ಮಾತು ನಿಜ. ಆದರೆ ತಯಾರಕನ ಹೆಸರು, ಉಕ್ಕೋ ಟೈಟೇನಿಯಮ್ಮೋ, ಎಷ್ಟು ಸ್ಕ್ರೂ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಲು ಅಡ್ಡಿ ಏನು? ಹಳೆಯ ರೋಗಿಗಳಿಗೆ ಏನು ಮಾಡಲಿ ಎಂದರೆ, ಎಕ್ಸರೇ ತೆಗೆದು ಆಕಾರದಿಂದ ಊಹಿಸಬಹುದು, ಶಸ್ತ್ರಚಿಕಿತ್ಸೆಯ ಕಾಲವನ್ನು ಗಮನಿಸಬಹುದು, ಸಿ.ಟಿ.ಯಂಥ ಬೇರೆ ಪರೀಕ್ಷೆ ಸಾಕೇ ಎಂದು ಯೋಚಿಸಬಹುದು, ಲಾಭ ನಷ್ಟ ತೂಗಿ ಹಿರಿಯ ರೇಡಿಯಾಲಜಿಸ್ಟರು ನಿರ್ಧರಿಸಬಹುದು. ಮನೆಯಲ್ಲಿ ಅಯಸ್ಕಾಂತ ಹಿಡಿದು ಅಂಟುತ್ತದೆಯೋ ಇಲ್ಲವೋ ನೋಡುವ ಪರೀಕ್ಷೆ ಮಾತ್ರ ಪರೀಕ್ಷೆಯಲ್ಲ.

ಎಕ್ಸರೇ ಮತ್ತು ಸಿ.ಟಿ. ಯಂತ್ರಗಳಿಗೆ ವಿಕಿರಣದ ಕಾರಣದಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸನ್ಸು ಬೇಕು. ಎಂ.ಆರ್.ಐ.ಯಲ್ಲಿ ಅಂಥ ವಿಕಿರಣವಿಲ್ಲದ ಕಾರಣ ಅದು ಆ ಮಂಡಳಿಯ ಕಟ್ಟಳೆಗೆ ಬರುವುದಿಲ್ಲ. ವಿಕಿರಣವಿಲ್ಲವೆಂದು ಅಪಾಯವೇ ಇಲ್ಲವೆಂದು ತಿಳಿದವರಿಗೆ 2018ರ ಮುಂಬಯಿಯ ಘಟನೆ ಉತ್ತರ. ಕಾವಲು ಕಾನೂನಿನಿಂದ ಬರುವ ತನಕ ಕೇಳುವ ಜನರಿಂದಲೇ ಬರಬೇಕು.

ಕೇಳುವ ಬಲ ಎಲ್ಲರಿಗಿಂತ ಹೆಚ್ಚಾಗಿ ಇರುವುದು ನಮ್ಮ ಬಸದಿಗಳ ಟ್ರಸ್ಟುಗಳಿಗೆ. ಎಷ್ಟೋ ಟ್ರಸ್ಟುಗಳು ಬಡ ಕುಟುಂಬಗಳ ಶಸ್ತ್ರಚಿಕಿತ್ಸೆಗೆ ನೆರವು ನೀಡುತ್ತವೆ, ಆರೋಗ್ಯ ಶಿಬಿರ ಮಾಡುತ್ತವೆ, ಆಸ್ಪತ್ರೆಗಳಿಗೆ ಉಪಕರಣ ದಾನ ಕೊಡುತ್ತವೆ, ಗೋಡೆಯ ಮೇಲೆ ದಾನಿಗಳ ಹೆಸರು ಕೆತ್ತಿಸುತ್ತವೆ. ಅವರಲ್ಲಿ ನನ್ನ ವಿನಂತಿ ಇಷ್ಟು. ಲೋಹಸಾಧನದ ಚಿಕಿತ್ಸೆಗೆ ಕೊಡುವ ಹಣದ ಕೊನೆಯ ಕಂತನ್ನು, ರೋಗಿಯ ಕೈಗೆ ಸಾಧನದ ಕಾರ್ಡು ಬಂದ ಮೇಲೆಯೇ ಆಸ್ಪತ್ರೆಗೆ ಸಲ್ಲಿಸಿರಿ. ಕಾರ್ಡಿನ ಪ್ರತಿಯನ್ನು ರೋಗಿ ಒಪ್ಪಿದರೆ ಮಾತ್ರ, ಮೊಹರು ಮಾಡಿದ ಲಕೋಟೆಯಲ್ಲಿ ಟ್ರಸ್ಟಿನ ಕಪಾಟಿನಲ್ಲಿ ಇಡಿರಿ. ಅದು ಇನ್ನೊಬ್ಬರ ಗುಟ್ಟು, ಸಭೆಯಲ್ಲಿ ಓದುವ ವಿಷಯವಲ್ಲ. ಸ್ಕ್ಯಾನಿಂಗ್ ಕೇಂದ್ರಕ್ಕೆ ದಾನ ಕೊಡುವವರು ಹಣದ ಒಂದು ಪಾಲನ್ನು ಅಲ್ಯೂಮಿನಿಯಂ ಸಿಲಿಂಡರಿಗೆ, ಕಬ್ಬಿಣವಿಲ್ಲದ ಸ್ಟ್ರೆಚರಿಗೆ, ಬಾಗಿಲ ಬಳಿಯ ಲೋಹಶೋಧಕಕ್ಕೆ ಮೀಸಲಿಡಲು ಹೇಳಿರಿ. ಪ್ರಶ್ನಾವಳಿ ಆಂಗ್ಲದಲ್ಲಿ ಮಾತ್ರ ಇದ್ದರೆ ಅದನ್ನು ಕನ್ನಡ, ಉರ್ದು, ಮರಾಠಿಗಳಲ್ಲಿ ಮುದ್ರಿಸಿ ಕೊಡಿರಿ. ಆಳಂದದ ಹಳ್ಳಿಯ ಮುದುಕಿಗೆ ಅರ್ಥವಾಗದ ಕಾಗದದ ಮೇಲೆ ಒತ್ತಿಸಿದ ಹೆಬ್ಬೆಟ್ಟು ಯಾರನ್ನೂ ರಕ್ಷಿಸುವುದಿಲ್ಲ.

ಕುಟುಂಬಗಳಿಗೆ ಹೇಳುವುದು ಇನ್ನೂ ಕಡಿಮೆ. ಆಸ್ಪತ್ರೆಯಿಂದ ಹೊರಡುವ ಮುನ್ನ ಆರು ವಿವರ ಕೇಳಿ ಬರೆಸಿಕೊಳ್ಳಿರಿ: ಸಾಧನದ ಹೆಸರು, ತಯಾರಕ, ಮಾಡೆಲ್ ಮತ್ತು ಬ್ಯಾಚ್ ಸಂಖ್ಯೆ, ಹಾಕಿದ ದಿನ, ದೇಹದ ಯಾವ ಭಾಗ, ಎಂ.ಆರ್.ಐ. ವರ್ಗ ಮತ್ತು ಅದರ ಷರತ್ತು. ಮೂರು ಪ್ರತಿ ಮಾಡಿಸಿ, ಒಂದು ರೋಗಿಯ ಕಿಸೆಯಲ್ಲಿ, ಒಂದು ಮನೆಯ ಪತ್ರಗಳೊಡನೆ, ಒಂದು ಊರಾಚೆ ಇರುವ ಮಗ ಅಥವಾ ಮಗಳ ಬಳಿ ಇರಲಿ. ಮೊಬೈಲಿನಲ್ಲಿ ಚಿತ್ರ ತೆಗೆದಿಡಿರಿ. ಆದರೆ ಮೊಬೈಲ್ ಒಂದನ್ನೇ ನಂಬಬೇಡಿರಿ. ಕಾಕ್ಲಿಯರ್ ಯಂತ್ರ ಹಾಕಿಸಿಕೊಂಡ ಮಗುವಿನ ತಂದೆತಾಯಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಆ ಮಗು ತನ್ನ ಕಾಗದವನ್ನು ಇನ್ನೂ ಅರುವತ್ತು ಎಪ್ಪತ್ತು ವರ್ಷ ಹೊತ್ತು ನಡೆಯಬೇಕಾಗಿದೆ. ಈಗಾಗಲೇ ಸಾಧನವಿದ್ದು ಕಾಗದವಿಲ್ಲದವರು, ಚಿಕಿತ್ಸೆಯಾಗಿ ಮೂರು ವರ್ಷ ತುಂಬಿರದಿದ್ದರೆ, ಈ ವಾರವೇ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ನಮ್ಮ ಹಿರಿಯರು ಹೊಲದ ಬಾಂದಿನ ಕಲ್ಲಿಗೂ ಕಾಗದ ಇಟ್ಟುಕೊಂಡವರು. ಮೂರು ತಲೆಮಾರಿನ ಖರೀದಿ ಪತ್ರಗಳು ಇಂದಿಗೂ ಮನೆಯ ತಿಜೋರಿಯಲ್ಲಿವೆ. ಅವುಗಳ ಪಕ್ಕದಲ್ಲಿ ಅಂಗೈಯಗಲದ ಇನ್ನೊಂದು ಚೀಟಿಗೆ ಜಾಗವಿಲ್ಲವೆಂದು ಯಾರೂ ಹೇಳಲಾರರು.